ಇಂಗ್ಲಿಷ್ ಮಾತಾಡುವಾಗ ತಡವರಿಸುತ್ತೀರಾ? ಎಲ್ಲಿ ನಿಲ್ಲುತ್ತೀರಿ ಅಂತ ಮೊದಲು ನೋಡಿ

ಓದಿದರೆ ಅರ್ಥವಾಗುತ್ತದೆ. ಬರೆಯಲು ಕೂತರೆ ಪುಟಗಟ್ಟಲೆ ಬರೆಯಬಹುದು. ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ ಸೆಮಿನಾರಿನಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಬೇಕು ಅಂದರೆ ಬಾಯಿ ಕಟ್ಟಿದ ಹಾಗಾಗುತ್ತದೆ. 'ಅ...', 'ಅಂ...' ಅಂತ ಎಳೆಯುವುದು, ಹೇಳಿದ ಪದವನ್ನೇ ಮತ್ತೆ ಹೇಳುವುದು, ಅರ್ಧ ವಾಕ್ಯ ಕೈಬಿಟ್ಟು ಹೊಸದನ್ನು ಶುರು ಮಾಡುವುದು, ಚೆನ್ನಾಗಿ ಗೊತ್ತಿರುವ ಪದವೇ ನಾಲಿಗೆ ತುದಿಗೆ ಬಂದು ನಿಂತುಬಿಡುವುದು. ಇಂಗ್ಲಿಷನ್ನು ಪರಭಾಷೆಯಾಗಿ ಕಲಿಯುವ ಕಾಲೇಜು, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಇದು ಯಾವ ದೇಶಕ್ಕೆ ಹೋದರೂ ಕಾಣುವ ತೊಂದರೆ.

ಇದಕ್ಕೆ ಸಿಗುವ ಸಲಹೆ ಸಾಮಾನ್ಯವಾಗಿ ಎರಡೇ. 'ಧೈರ್ಯವಾಗಿ ಮಾತಾಡು', 'ಜಾಸ್ತಿ ಪ್ರಾಕ್ಟೀಸ್ ಮಾಡು'. ಎರಡೂ ತಪ್ಪಲ್ಲ, ಆದರೆ ಸಾಲದು. ಮಾತು ಎಲ್ಲಿ ನಿಲ್ಲುತ್ತಿದೆ, ಯಾಕೆ ನಿಲ್ಲುತ್ತಿದೆ ಅಂತ ತಿಳಿಯದೆ ಗಂಟೆಗಟ್ಟಲೆ ಮಾತಾಡಿದರೆ ಹಳೆಯ ಅಭ್ಯಾಸವೇ ಇನ್ನಷ್ಟು ಗಟ್ಟಿಯಾಗುತ್ತದೆ. ಹಾಗಾಗಿ ಇಲ್ಲಿ ಮೊದಲು ನಿಮ್ಮ ಮಾತನ್ನು ನೀವೇ ಹತ್ತಿರದಿಂದ ನೋಡುವ ಕೆಲಸ ಇದೆ. ಅಭ್ಯಾಸಗಳು ಆಮೇಲೆ. ಬೇಕಾಗಿರುವುದು ಒಂದು ಫೋನ್, ಒಂದು ನೋಟ್‌ಬುಕ್, ಸಾಧ್ಯವಾದರೆ ಕೇಳುವುದಕ್ಕೆ ಒಬ್ಬಿಬ್ಬರು ಗೆಳೆಯರು.

ಗುರಿ ಏನು ಅಂತ ಮೊದಲು ಸರಿಮಾಡಿಕೊಳ್ಳಿ

ತಡವರಿಕೆಯೇ ಇಲ್ಲದ ಮಾತು ಯಾರಿಗೂ ಬರುವುದಿಲ್ಲ. ಇಂಗ್ಲಿಷ್ ಮಾತೃಭಾಷೆಯಾಗಿರುವವರ ಸಹಜ ಮಾತುಕತೆಯನ್ನು ರೆಕಾರ್ಡ್ ಮಾಡಿ ಎಣಿಸಿದ ಅಧ್ಯಯನಗಳಲ್ಲೂ ಪ್ರತಿ 100 ಪದಕ್ಕೆ ಸುಮಾರು 6 ತಡೆಗಳು ಸಿಕ್ಕಿವೆ. ಅದೂ ಮೌನವಾಗಿ ನಿಂತಿದ್ದನ್ನು ಲೆಕ್ಕಕ್ಕೆ ಸೇರಿಸದೆ. ಕೇಳುವವರು ಇವುಗಳಲ್ಲಿ ಹೆಚ್ಚಿನದನ್ನು ಗಮನಿಸುವುದೇ ಇಲ್ಲ. 'ಅ', 'ಅಂ' ಅನ್ನುವ ಸದ್ದುಗಳಿಗೂ ಒಂದು ಕೆಲಸ ಇದೆ. ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ 2002ರಲ್ಲಿ ಇದನ್ನೇ ವಿವರವಾಗಿ ತೋರಿಸಿದರು: ಇಂಗ್ಲಿಷಿನವರು ಚಿಕ್ಕ ತಡೆಯ ಮುಂಚೆ 'ಅ' ಅನ್ನುತ್ತಾರೆ, ದೊಡ್ಡ ತಡೆಯ ಮುಂಚೆ 'ಅಂ' ಅನ್ನುತ್ತಾರೆ. 'ತಾಳಿ, ಮಾತು ಇನ್ನೂ ಮುಗಿದಿಲ್ಲ' ಅಂತ ಕೇಳುವವರಿಗೆ ಕೊಡುವ ಸೂಚನೆ ಅದು.

ಹಾಗಾದರೆ ಅವರಿಗೂ ನಮಗೂ ವ್ಯತ್ಯಾಸ ಎಲ್ಲಿದೆ? ಎಷ್ಟು ಸಲ ನಿಲ್ಲುತ್ತಾರೆ ಅನ್ನುವುದಕ್ಕಿಂತ ಎಲ್ಲಿ ನಿಲ್ಲುತ್ತಾರೆ ಅನ್ನುವುದರಲ್ಲಿ. ಮಾತೃಭಾಷೆಯಲ್ಲಿ ಮಾತಾಡುವವರು ಹೆಚ್ಚಾಗಿ ಒಂದು ಮಾತು ಪೂರ್ತಿಯಾದ ಜಾಗದಲ್ಲಿ ನಿಲ್ಲುತ್ತಾರೆ. ವಾಕ್ಯದ ಕೊನೆಯಲ್ಲಿ, 'ಬಿಕಾಸ್', 'ಬಟ್' ಬರುವ ಮುಂಚೆ. ಪರಭಾಷೆಯಲ್ಲಿ ಮಾತಾಡುವವರು ಮಾತಿನ ಮಧ್ಯದಲ್ಲೇ ನಿಲ್ಲುವುದು ಜಾಸ್ತಿ. 'ದಿ' ಅಂದು ನಿಲ್ಲುತ್ತಾರೆ, 'ಐ ವಾಂಟ್ ಟು' ಅಂದು ನಿಲ್ಲುತ್ತಾರೆ. ಕೇಳುವವರಿಗೆ ಕಿರಿಕಿರಿಯಾಗುವುದು ಈ ಎರಡನೇ ಥರದ ನಿಲುಗಡೆಯಿಂದ.

ವಿದೇಶಕ್ಕೆ ಓದಲು ಹೋಗುವವರು ಬರೆಯುವ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಮಾತಿನ ವಿಭಾಗದಲ್ಲಿ ಅತಿ ಮೇಲಿನ 9ನೇ ಬ್ಯಾಂಡ್‌ಗೂ ತಡವರಿಕೆ ಇರಲೇಬಾರದು ಅಂತ ಹೇಳಿಲ್ಲ. ಏನು ಹೇಳಬೇಕು ಅಂತ ಯೋಚಿಸಲು ನಿಂತರೆ ಪರವಾಗಿಲ್ಲ, ಪದ ಅಥವಾ ವ್ಯಾಕರಣ ಹುಡುಕಲು ನಿಲ್ಲಬಾರದು ಅನ್ನುವುದು ಅಲ್ಲಿನ ಅಳತೆ. ನಿಮ್ಮ ಗುರಿಯೂ ಇದೇ ಆಗಿರಲಿ. ನಿಲ್ಲುವುದನ್ನು ಬಿಡುವುದಲ್ಲ, ನಿಲ್ಲುವ ಜಾಗ ಬದಲಿಸುವುದು.

ಉಗ್ಗು ಬೇರೆ, ಇದು ಬೇರೆ

ಮುಂದೆ ಹೋಗುವ ಮುಂಚೆ ಇದೊಂದನ್ನು ಖಚಿತ ಮಾಡಿಕೊಳ್ಳಿ. ನಿಮ್ಮ ಮಾತೃಭಾಷೆಯಲ್ಲೂ ಹೀಗೇ ಆಗುತ್ತದೆಯಾ? ಪದದ ಮೊದಲ ಸದ್ದೇ ಮತ್ತೆ ಮತ್ತೆ ಬರುತ್ತದೆಯಾ ('ಪ-ಪ-ಪ-ಪುಸ್ತಕ')? ಸದ್ದು ಉದ್ದಕ್ಕೆ ಎಳೆಯುತ್ತದೆಯಾ? ಹೇಳಬೇಕಾದ ಪದ ಸ್ಪಷ್ಟವಾಗಿ ಗೊತ್ತಿದ್ದರೂ ಗಂಟಲಲ್ಲಿ ಅಥವಾ ತುಟಿಯಲ್ಲಿ ಸಿಕ್ಕಿಬಿದ್ದು ಹೊರಗೆ ಬರುವುದಿಲ್ಲವಾ? ಹಾಗಿದ್ದರೆ ಅದು ಉಗ್ಗು ಇರಬಹುದು. ಜಗತ್ತಿನಲ್ಲಿ ಸುಮಾರು 1% ಜನರಿಗೆ ಉಗ್ಗು ಇದೆ. ಅದು ಭಾಷೆ ಬರದೇ ಇರುವುದರಿಂದ ಆಗುವುದಲ್ಲ, ಬುದ್ಧಿ ಕಡಿಮೆ ಅನ್ನುವುದಕ್ಕೂ ಸಂಬಂಧ ಇಲ್ಲ. ಅದಕ್ಕೆ ವಾಕ್ ಚಿಕಿತ್ಸಕರು ಇದ್ದಾರೆ, ಅವರನ್ನು ಕಾಣುವುದೇ ಸರಿ. ಕೆಳಗಿನ ಅಭ್ಯಾಸಗಳು ಉಗ್ಗಿಗೆ ಮದ್ದಲ್ಲ.

ಭಾಷೆ ಕಲಿಯುವವರ ತಡವರಿಕೆಯಲ್ಲಿ ಸಿಕ್ಕಿಕೊಳ್ಳುವುದು ಸದ್ದಲ್ಲ, ಪದ. 'ದಿ... ದಿ...' ಅಂತ ಇಡೀ ಪದವೇ ಮರಳಿ ಬರುತ್ತದೆ. ಮಾತೃಭಾಷೆಗೆ ಬಂದ ಕೂಡಲೇ ಅದು ಬಹಳ ಕಡಿಮೆಯಾಗುತ್ತದೆ.

ಹೆಜ್ಜೆ 1: ಎರಡು ರೆಕಾರ್ಡಿಂಗ್ ಮಾಡಿ

ಒಂದು ವಿಷಯ ಆರಿಸಿಕೊಳ್ಳಿ. ನಿಮ್ಮ ಪ್ರಾಜೆಕ್ಟ್ ಬಗ್ಗೆ ಇರಬಹುದು, ಇತ್ತೀಚೆಗೆ ಓದಿದ ಪಾಠದ ಬಗ್ಗೆ ಇರಬಹುದು. ಒಂದು ನಿಮಿಷ ಯೋಚಿಸಿ, ಆದರೆ ಏನನ್ನೂ ಬರೆದುಕೊಳ್ಳಬೇಡಿ. ಫೋನಿನ ರೆಕಾರ್ಡರ್ ಆನ್ ಮಾಡಿ ಎರಡು ನಿಮಿಷ ಮಾತೃಭಾಷೆಯಲ್ಲಿ ಮಾತಾಡಿ. ಆಮೇಲೆ ಬೇರೆ ವಿಷಯ ತೆಗೆದುಕೊಂಡು ಎರಡು ನಿಮಿಷ ಇಂಗ್ಲಿಷಿನಲ್ಲಿ. ಮಧ್ಯದಲ್ಲಿ ನಿಲ್ಲಿಸಿ ಮತ್ತೆ ಶುರು ಮಾಡಬೇಡಿ. ಕೆಟ್ಟದಾಗಿ ಬಂದರೆ ಇನ್ನೂ ಒಳ್ಳೆಯದು, ನಮಗೆ ಬೇಕಾಗಿರುವುದು ಅದೇ.

ಮಾತೃಭಾಷೆಯ ರೆಕಾರ್ಡಿಂಗ್ ಯಾಕೆ ಅಂತ ಅನಿಸಬಹುದು. ಮಾತಾಡುವ ಶೈಲಿ ಒಬ್ಬೊಬ್ಬರದು ಒಂದೊಂದು ಥರ. ಕೆಲವರು ಸ್ವಭಾವದಿಂದಲೇ ನಿಂತು ನಿಂತು ಮಾತಾಡುವವರು. ಅಂಥವರು ಪರಭಾಷೆಯಲ್ಲೂ ನಿಂತು ನಿಂತೇ ಮಾತಾಡುತ್ತಾರೆ. ಹಾಲೆಂಡಿನ ನಿವ್ಯಾ ಡಿ ಯೋಂಗ್ ಮತ್ತು ಅವರ ಜೊತೆಗಾರರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಸಂಬಂಧ ಚೆನ್ನಾಗಿ ಕಂಡಿದೆ. ನೀವು ಮಾತೃಭಾಷೆಯಲ್ಲೇ ನಿಧಾನ ಅಂದರೆ ಇಂಗ್ಲಿಷಿನಲ್ಲಿ ಪಟಪಟ ಮಾತಾಡುವ ಗೆಳೆಯನ ಜೊತೆ ನಿಮ್ಮನ್ನು ಹೋಲಿಸಿಕೊಳ್ಳುವುದು ಸುಮ್ನೆ ನೋವು. ನಿಮ್ಮ ಇಂಗ್ಲಿಷನ್ನು ನಿಮ್ಮದೇ ಮಾತೃಭಾಷೆಯ ಜೊತೆ ಹೋಲಿಸಿ. ನೀವು ಕೆಲಸ ಮಾಡಬೇಕಾಗಿರುವುದು ಆ ಎರಡರ ನಡುವಿನ ಅಂತರದ ಮೇಲೆ ಮಾತ್ರ.

ಹೆಜ್ಜೆ 2: ಕೇಳಿದ್ದನ್ನು ಕೇಳಿದ ಹಾಗೇ ಬರೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಬೇಜಾರಿನ ಕೆಲಸ ಇದು. ಬಿಡಬಾರದ ಕೆಲಸವೂ ಇದೇ. ಇಂಗ್ಲಿಷ್ ರೆಕಾರ್ಡಿಂಗಿನ ಒಂದು ನಿಮಿಷವನ್ನು ಪದಕ್ಕೆ ಪದ ಬರೆಯಿರಿ. ತಪ್ಪನ್ನು ತಿದ್ದಬೇಡಿ. 'ಅ', 'ಅಂ' ಎಲ್ಲವನ್ನೂ ಬರೆಯಿರಿ. ಮೌನ ಬಂದ ಕಡೆ ಒಂದು ಓರೆಗೆರೆ ಹಾಕಿ. ಸಂಶೋಧಕರು ಸಾಮಾನ್ಯವಾಗಿ ಕಾಲು ಸೆಕೆಂಡಿಗಿಂತ ಉದ್ದದ ಮೌನವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನೀವು ಗಡಿಯಾರ ಹಿಡಿಯಬೇಕಾಗಿಲ್ಲ, ಕಿವಿಗೆ 'ಇಲ್ಲಿ ನಿಂತಿತು' ಅನ್ನಿಸಿದರೆ ಸಾಕು.

ಒಬ್ಬ ವಿದ್ಯಾರ್ಥಿ ತನ್ನ ಪ್ರಾಜೆಕ್ಟ್ ಬಗ್ಗೆ ಹೇಳುತ್ತಿದ್ದಾನೆ ಅಂದುಕೊಳ್ಳಿ. ಬರೆದುಕೊಂಡ ಮೇಲೆ ಅವನ ಮಾತು ಹೀಗೆ ಕಾಣಬಹುದು:

'ಅವರ್ ಪ್ರಾಜೆಕ್ಟ್ / ಈಸ್ ಅಬೌಟ್ ದಿ / ದಿ ಅ / ವಾಟರ್ ಕ್ವಾಲಿಟಿ ವಿ ಹ್ಯಾವ್ ಟೇಕ್ / ಟುಕ್ / ವಿ ಹ್ಯಾವ್ ಟೇಕನ್ ಸ್ಯಾಂಪಲ್ಸ್ ಫ್ರಮ್ ಫೈವ್ ಅಂ / ಫೈವ್ ಪ್ಲೇಸಸ್ ಬಿಕಾಸ್ ಇನ್ ಸಮರ್ ದಿ ವಾಟರ್ / ದಿ ಲೆವೆಲ್ ಈಸ್ / ವಾಟರ್ ಗೋಸ್ ಡೌನ್ ಆಂಡ್ ಇಟ್ ಈಸ್ ವೆರಿ / ಅಂ / ಲೈಕ್ ನಾಟ್ ಕ್ಲಿಯರ್.'

ಇದರಲ್ಲಿ 10 ಓರೆಗೆರೆ ಇವೆ. ಒಂದೂ ಮಾತು ಮುಗಿದ ಜಾಗದಲ್ಲಿಲ್ಲ. ನಿಲ್ಲಬಹುದಾಗಿದ್ದ ಒಳ್ಳೆಯ ಜಾಗಗಳು ಮೂರು ಇದ್ದವು: 'ಕ್ವಾಲಿಟಿ' ಆದ ಮೇಲೆ, 'ಪ್ಲೇಸಸ್' ಆದ ಮೇಲೆ, 'ಡೌನ್' ಆದ ಮೇಲೆ. ಆ ಮೂರೂ ಕಡೆ ಹುಡುಗ ಉಸಿರು ಕೂಡ ತೆಗೆದುಕೊಳ್ಳದೆ ಓಡಿದ್ದಾನೆ. ನನ್ನ ಪ್ರಕಾರ ಇಡೀ ತೊಂದರೆಯ ಬೇರು ಇಲ್ಲೇ ಇದೆ. ಮೌನ ಬಂದರೆ 'ಇವನಿಗೆ ಇಂಗ್ಲಿಷ್ ಬರಲ್ಲ' ಅಂದುಕೊಳ್ಳುತ್ತಾರೆ ಅನ್ನುವ ಭಯಕ್ಕೆ ಒಂದು ವಾಕ್ಯ ಮುಗಿದ ಕೂಡಲೇ ಮುಂದಿನದಕ್ಕೆ ಹಾರುತ್ತಾರೆ. ಆದರೆ ಮುಂದಿನ ವಾಕ್ಯ ಇನ್ನೂ ತಯಾರಾಗಿರುವುದಿಲ್ಲ. ಎರಡು ಪದ ಹೇಳಿದ ಮೇಲೆ ಸರಕು ಖಾಲಿ. ಆಗ ಮಧ್ಯದಲ್ಲಿ ನಿಲ್ಲಲೇಬೇಕಾಗುತ್ತದೆ, ಅಲ್ವಾ?

ಅವನಿಗೆ ಗೊತ್ತಿದ್ದ ಪದಗಳಲ್ಲೇ, ಒಟ್ಟು ಅಷ್ಟೇ ಹೊತ್ತು ಮೌನ ಇಟ್ಟುಕೊಂಡು ಇದನ್ನು ಹೀಗೆ ಹೇಳಬಹುದಿತ್ತು:

'ಅವರ್ ಪ್ರಾಜೆಕ್ಟ್ ಈಸ್ ಅಬೌಟ್ ವಾಟರ್ ಕ್ವಾಲಿಟಿ. / ವಿ ಟುಕ್ ಸ್ಯಾಂಪಲ್ಸ್ ಫ್ರಮ್ ಫೈವ್ ಪ್ಲೇಸಸ್. / ಇನ್ ಸಮರ್ ದಿ ವಾಟರ್ ಲೆವೆಲ್ ಗೋಸ್ ಡೌನ್, / ಸೋ ದಿ ವಾಟರ್ ಈಸ್ ನಾಟ್ ಕ್ಲಿಯರ್.'

ಹೊಸ ಪದ ಅಂತ ಸೇರಿದ್ದು 'ಸೋ' ಒಂದೇ. ಆ ಮೂರು ಓರೆಗೆರೆಗಳ ಹತ್ತಿರ ಎರಡೆರಡು ಸೆಕೆಂಡ್ ನಿಂತರೂ ಕೇಳುವವರಿಗೆ ಅದು ತಡವರಿಕೆ ಅನ್ನಿಸುವುದಿಲ್ಲ. ಯೋಚಿಸಿ ಮಾತಾಡುತ್ತಿದ್ದಾನೆ ಅನ್ನಿಸುತ್ತದೆ.

ಹೆಜ್ಜೆ 3: ಪ್ರತಿ ನಿಲುಗಡೆಗೂ ಕಾರಣ ಬರೆಯಿರಿ

ಡಚ್ ಮನೋಭಾಷಾಶಾಸ್ತ್ರಜ್ಞ ವಿಲ್ಲೆಮ್ ಲೆವೆಲ್ಟ್ 1989ರಲ್ಲಿ ಮಾತು ಹುಟ್ಟುವ ಬಗೆಯನ್ನು ಮೂರು ಹಂತಗಳಾಗಿ ವಿವರಿಸಿದರು. ಏನು ಹೇಳಬೇಕು ಅಂತ ತೀರ್ಮಾನಿಸುವುದು ಒಂದು. ಅದಕ್ಕೆ ಪದ, ವ್ಯಾಕರಣ ಜೋಡಿಸುವುದು ಎರಡು. ಬಾಯಿಂದ ಹೊರಡಿಸುವುದು ಮೂರು. ಇವುಗಳ ಮೇಲೆ ಒಂದು ಕಣ್ಣು ಸದಾ ಇಟ್ಟಿರುತ್ತೇವೆ, ತಪ್ಪಾದರೆ ತಿದ್ದುವುದಕ್ಕೆ. ಮಾತೃಭಾಷೆಯಲ್ಲಿ ಎರಡನೇ, ಮೂರನೇ ಹಂತ ತಮ್ಮಷ್ಟಕ್ಕೆ ನಡೆದುಹೋಗುತ್ತವೆ. ನಮ್ಮ ಗಮನವೆಲ್ಲ ಏನು ಹೇಳಬೇಕು ಅನ್ನುವುದರ ಮೇಲೆ ಇರುತ್ತದೆ. ಪರಭಾಷೆಯಲ್ಲಿ ಎರಡನೇ ಹಂತವೂ ಗಮನ ಕೇಳುತ್ತದೆ. ಗಮನ ಇರುವುದು ಒಂದೇ, ಅದು ಹಂಚಿಹೋಗುತ್ತದೆ.

ಸಮಯದ ಲೆಕ್ಕ ನೋಡಿದರೆ ಇದು ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಹತ್ತು ಭಾಷೆಗಳ ಮಾತುಕತೆಯನ್ನು ಹೋಲಿಸಿ 2009ರಲ್ಲಿ ಬಂದ ಅಧ್ಯಯನದ ಪ್ರಕಾರ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವೆ ಇರುವ ಅಂತರ ಸರಾಸರಿ 0.2 ಸೆಕೆಂಡಿನ ಆಸುಪಾಸು. ಆದರೆ ಒಂದು ಚಿತ್ರ ನೋಡಿ ಅದರ ಹೆಸರನ್ನು ಮಾತೃಭಾಷೆಯಲ್ಲಿ ಹೇಳುವುದಕ್ಕೇ ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಅಂದರೆ ಎದುರಿನವರು ಮಾತಾಡುತ್ತಿರುವಾಗಲೇ ನಾವು ಉತ್ತರ ತಯಾರು ಮಾಡಿಕೊಳ್ಳುತ್ತಿರುತ್ತೇವೆ. ಪರಭಾಷೆಯಲ್ಲಿ ಎದುರಿನವರ ಮಾತು ಅರ್ಥ ಮಾಡಿಕೊಳ್ಳುವುದಕ್ಕೇ ಆ ಸಮಯ ಹೋಗಿಬಿಡುತ್ತದೆ. ಆದ್ದರಿಂದ ಪ್ರಶ್ನೆ ಬಂದ ಕೂಡಲೇ ಬಾಯಿ ಕಟ್ಟಿದರೆ ಅದನ್ನು ದಡ್ಡತನ ಅಂದುಕೊಳ್ಳಬೇಡಿ.

ಈಗ ನಿಮ್ಮ ಹಾಳೆಗೆ ಬನ್ನಿ. ಪ್ರತಿ ಓರೆಗೆರೆಯ ಮೇಲೆ ಒಂದು ಅಕ್ಷರ ಬರೆಯಿರಿ. ಪದ ಸಿಗದೆ ನಿಂತಿದ್ದರೆ 'ಪ'. ಕ್ರಿಯಾಪದದ ರೂಪ, ಕಾಲ, ಏಕವಚನ ಬಹುವಚನದ ಗೊಂದಲ ಇದ್ದರೆ 'ವ್ಯಾ'. ಮುಂದೆ ಏನು ಹೇಳಬೇಕು ಅಂತಲೇ ತಿಳಿಯದಿದ್ದರೆ 'ಯೋ'. ಎಲ್ಲ ಸರಿ ಇದ್ದೂ ಯಾರೋ ನೋಡುತ್ತಿದ್ದಾರೆ ಅನ್ನುವ ಅಳುಕಿನಿಂದ ನಿಂತಿದ್ದರೆ 'ಅ'. ರೆಕಾರ್ಡ್ ಮಾಡಿದ ದಿನವೇ ಇದನ್ನು ಮಾಡಿ. ಮರುದಿನಕ್ಕೆ ಇಟ್ಟರೆ ಆ ಕ್ಷಣದಲ್ಲಿ ತಲೆಯಲ್ಲಿ ಏನಿತ್ತು ಅನ್ನುವುದು ಮರೆತುಹೋಗುತ್ತದೆ.

ಮೇಲಿನ ಹುಡುಗನ ಮಾತನ್ನೇ ನೋಡಿ. 'ಟೇಕ್ / ಟುಕ್ / ಟೇಕನ್' ಸ್ಪಷ್ಟವಾಗಿ ವ್ಯಾಕರಣದ್ದು. 'ವೆರಿ / ಅಂ / ಲೈಕ್ ನಾಟ್ ಕ್ಲಿಯರ್' ಪದದ್ದು, 'ಮಡ್ಡಿ' (ರಾಡಿಯಾದ) ಅನ್ನುವ ಇಂಗ್ಲಿಷ್ ಪದ ಸಿಗಲಿಲ್ಲ. ಆದರೆ ಅವನು ಅಲ್ಲೇ ಬಿಟ್ಟುಬಿಡದೆ ಬೇರೆ ದಾರಿ ಹುಡುಕಿದ್ದಾನೆ, ಅದು ಒಳ್ಳೆಯ ಗುಣ. 'ದಿ ವಾಟರ್ / ದಿ ಲೆವೆಲ್ ಈಸ್ / ವಾಟರ್ ಗೋಸ್ ಡೌನ್' ಇದೆಯಲ್ಲ, ಅದು ಯೋಜನೆಯದು. ಯಾವುದರ ಬಗ್ಗೆ ಹೇಳುತ್ತಿದ್ದೇನೆ ಅಂತ ತೀರ್ಮಾನ ಆಗುವ ಮುಂಚೆಯೇ ವಾಕ್ಯ ಶುರುವಾಗಿದೆ.

ಇನ್ನೊಂದು ಕಾರಣ ಕನ್ನಡದವರಿಗೆ ಗೊತ್ತಿರಬೇಕು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಜಪಾನಿ, ಕೊರಿಯನ್, ಟರ್ಕಿಶ್ ಭಾಷೆಗಳಲ್ಲೂ ಹಾಗೇ. ಯಾರು, ಏನನ್ನು, ಎಲ್ಲಿ, ಯಾವಾಗ ಅಂತೆಲ್ಲ ಹೇಳುತ್ತಾ ಹೋಗಿ ಕೊನೆಗೆ ಕ್ರಿಯಾಪದ ತೀರ್ಮಾನಿಸಬಹುದು. ಇಂಗ್ಲಿಷಿನಲ್ಲಿ ಆ ಬಿಡುವು ಇಲ್ಲ. ಯಾರು ಅಂತ ಹೇಳಿದ ಕೂಡಲೇ ಕ್ರಿಯಾಪದ ಬೇಕು, ಅದೂ ಸರಿಯಾದ ಕಾಲದಲ್ಲಿ. 'ಅವರ್ ಪ್ರಾಜೆಕ್ಟ್ /' ಅಂತ ಮೊದಲಲ್ಲೇ ನಿಂತಿದ್ದಕ್ಕೆ ಇದು ಕಾರಣ ಇರಬಹುದು. ನಿಮ್ಮ ಹಾಳೆಯಲ್ಲೂ 'ಐ', 'ವಿ', 'ಮೈ ಫ್ರೆಂಡ್' ಆದ ಮೇಲೆ ತುಂಬಾ ಓರೆಗೆರೆ ಇದ್ದರೆ ಬಾಯಿ ತೆರೆಯುವ ಮುಂಚೆ ಕ್ರಿಯಾಪದ ಒಂದನ್ನು ಮಾತ್ರ ತೀರ್ಮಾನಿಸುವ ಅಭ್ಯಾಸ ಮಾಡಿ. ಉಳಿದದ್ದು ತಾನಾಗಿ ಹಿಂದೆ ಬರುತ್ತದೆ.

ಹೆಜ್ಜೆ 4: ನಿಮ್ಮ ಕಾರಣಕ್ಕೆ ತಕ್ಕ ಅಭ್ಯಾಸ

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಹಾಳೆಯಲ್ಲಿ ಯಾವ ಅಕ್ಷರ ಜಾಸ್ತಿ ಇದೆಯೋ ಅದರಿಂದ ಹೊರಡಿ.

'ಯೋ' ಜಾಸ್ತಿ ಇದ್ದರೆ: ಮುಗಿಸಿ ನಿಲ್ಲುವುದನ್ನು ಕಲಿಯಬೇಕು. ಯಾವುದಾದರೂ ಸರಳ ಇಂಗ್ಲಿಷ್ ಪ್ಯಾರಾ ತೆಗೆದುಕೊಂಡು ಮಾತು ಮುಗಿಯುವ ಜಾಗಗಳಿಗೆಲ್ಲ ಪೆನ್ಸಿಲಿನಿಂದ ಗೆರೆ ಹಾಕಿ. ಜೋರಾಗಿ ಓದಿ. ಗೆರೆ ಬಂದ ಕಡೆ ಒಂದು ಸೆಕೆಂಡ್ ಪೂರ್ತಿ ನಿಲ್ಲಿ, ನಡುವೆ ಎಲ್ಲೂ ನಿಲ್ಲಬೇಡಿ. ಆಮೇಲೆ ಅದೇ ಲಯದಲ್ಲಿ ನಿಮ್ಮದೇ ಮಾತನ್ನು ಹೇಳಿ. ಒಂದು ಚಿಕ್ಕ ವಾಕ್ಯ, ಮೌನ, ಇನ್ನೊಂದು ಚಿಕ್ಕ ವಾಕ್ಯ. ಮೌನದಲ್ಲಿ ಮುಂದಿನ ವಾಕ್ಯ ತಯಾರಾಗಬೇಕು. ಮೊದಮೊದಲು ಆ ಒಂದು ಸೆಕೆಂಡ್ ಒಂದು ಯುಗದ ಹಾಗೆ ಅನ್ನಿಸುತ್ತದೆ. ರೆಕಾರ್ಡ್ ಮಾಡಿ ಕೇಳಿ, ಹೊರಗಿನಿಂದ ಅದು ಎಷ್ಟು ಚಿಕ್ಕದು ಅಂತ ತಿಳಿಯುತ್ತದೆ.

'ಪ' ಜಾಸ್ತಿ ಇದ್ದರೆ: ಹೆಚ್ಚಿನವರು ಇನ್ನಷ್ಟು ಪದಪಟ್ಟಿ ಬಾಯಿಪಾಠ ಮಾಡಲು ಹೊರಡುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ. ದಿನನಿತ್ಯದ ಇಂಗ್ಲಿಷ್ ಮಾತಿನ ಸುಮಾರು 95% ಭಾಗ ಅತಿ ಹೆಚ್ಚು ಬಳಕೆಯಲ್ಲಿರುವ 3000 ಪದ ಮತ್ತು ಅವುಗಳ ರೂಪಗಳಿಂದಲೇ ಆಗುತ್ತದೆ. ವಿಶ್ವವಿದ್ಯಾಲಯಕ್ಕೆ ಬಂದವರಿಗೆ ಓದುವಾಗ ಅವುಗಳಲ್ಲಿ ಹೆಚ್ಚಿನವು ಅರ್ಥವಾಗುತ್ತವೆ. ಕೊರತೆ ಇರುವುದು ಪದಗಳದ್ದಲ್ಲ, ಅವು ಬೇಗ ಬಾಯಿಗೆ ಬರದೇ ಇರುವುದು. ಅದಕ್ಕೆ ಎರಡು ಕೆಲಸ ಮಾಡಿ.

ಒಂದು, ಪದವನ್ನು ಬಿಡಿಯಾಗಿ ಕಲಿಯುವ ಬದಲು ಪದಗುಚ್ಛವಾಗಿ ಕಲಿಯಿರಿ. ಆಂಡ್ರ್ಯೂ ಪಾಲಿ ಮತ್ತು ಫ್ರಾನ್ಸಿಸ್ ಸೈಡರ್ 1983ರಲ್ಲೇ ಇದನ್ನು ಹೇಳಿದ್ದರು: ಸರಾಗವಾಗಿ ಮಾತಾಡುವವರು ಪ್ರತಿ ವಾಕ್ಯವನ್ನೂ ಹೊಸದಾಗಿ ಕಟ್ಟುವುದಿಲ್ಲ, ನೆನಪಿನಲ್ಲಿ ಇಡಿಯಾಗಿ ಇರುವ ತುಣುಕುಗಳನ್ನು ಜೋಡಿಸುತ್ತಾರೆ. 'ದಿ ಮೇನ್ ರೀಸನ್ ಈಸ್ ದಟ್', 'ಇಟ್ ಡಿಪೆಂಡ್ಸ್ ಆನ್', 'ವಾಟ್ ವಿ ಫೌಂಡ್ ವಾಸ್', 'ಆಸ್ ಫಾರ್ ಆಸ್ ಐ ನೋ', 'ಕಂಪೇರ್ಡ್ ಟು' ಇಂಥವು. ನಿಮ್ಮ ವಿಷಯಕ್ಕೆ ಬೇಕಾಗುವ ಇಪ್ಪತ್ತು ತುಣುಕು ಆರಿಸಿ. ಒಂದೊಂದನ್ನೂ ಒಂದೇ ಉದ್ದ ಪದದ ಹಾಗೆ, ಒಡೆಯದೆ ಹೇಳಿ ಅಭ್ಯಾಸ ಮಾಡಿ. ಇವು ಬಾಯಿಂದ ತಾವಾಗಿ ಹೊರಡುತ್ತಿರುವಾಗ ತಲೆಗೆ ಮುಂದಿನ ಮಾತು ಯೋಚಿಸಲು ಬಿಡುವು ಸಿಗುತ್ತದೆ.

ಎರಡು, ಪದ ಸಿಗದಿದ್ದಾಗ ಸುತ್ತಿ ಹೇಳುವುದನ್ನು ರೂಢಿಸಿಕೊಳ್ಳಿ. 'ಇಟ್ಸ್ ಎ ಕೈಂಡ್ ಆಫ್', 'ಇಟ್ಸ್ ಸಂಥಿಂಗ್ ಯು ಯೂಸ್ ಟು', 'ದಿ ಆಪೋಸಿಟ್ ಆಫ್' ಈ ಮೂರಿದ್ದರೆ ಬಹಳ ದೂರ ಹೋಗಬಹುದು. ಗೆಳೆಯರ ಜೊತೆ ಆಟದ ಹಾಗೆ ಆಡಿ. ನಿಮ್ಮ ಪಠ್ಯದ ಒಂದು ಪಾರಿಭಾಷಿಕ ಪದ ತೆಗೆದುಕೊಂಡು ಅದರ ಹೆಸರು ಹೇಳದೆ ಇಂಗ್ಲಿಷಿನಲ್ಲಿ ವಿವರಿಸಿ, ಅವರು ಊಹಿಸಲಿ. 'ಮೈಕ್ರೋಸ್ಕೋಪ್' ಸಿಗದಿದ್ದರೆ 'ಎ ಟೂಲ್ ಫಾರ್ ಸೀಯಿಂಗ್ ವೆರಿ ಸ್ಮಾಲ್ ಥಿಂಗ್ಸ್' ಅನ್ನುವುದಕ್ಕೆ ಯಾವ ನಾಚಿಕೆಯೂ ಬೇಡ. ಪದ ಹುಡುಕುತ್ತಾ ನಾಲ್ಕು ಸೆಕೆಂಡ್ ನಿಲ್ಲುವುದಕ್ಕಿಂತ ಇದು ಸಾವಿರ ಪಾಲು ವಾಸಿ.

'ವ್ಯಾ' ಜಾಸ್ತಿ ಇದ್ದರೆ: ನಿಮಗೆ ವ್ಯಾಕರಣ ಬರುವುದಿಲ್ಲ ಅಂತಲ್ಲ. ಗೊತ್ತಿರುವುದರಿಂದಲೇ ಮಧ್ಯದಲ್ಲಿ ನಿಂತು ತಿದ್ದುತ್ತಿದ್ದೀರಿ. ಚೆನ್ನಾಗಿ ಓದುವ ವಿದ್ಯಾರ್ಥಿಗಳಲ್ಲೇ ಇದು ಜಾಸ್ತಿ ಕಾಣುತ್ತದೆ. ಲೆವೆಲ್ಟ್ 1983ರ ಅಧ್ಯಯನದಲ್ಲಿ ಜನ ತಮ್ಮ ಮಾತೃಭಾಷೆಯಲ್ಲೇ ಬಣ್ಣದ ಚುಕ್ಕೆಗಳ ಚಿತ್ರ ವಿವರಿಸುತ್ತಿದ್ದರು. ತಪ್ಪಾಗಿ ಹೇಳಿದ ಬಣ್ಣದ ಹೆಸರುಗಳಲ್ಲಿ ಅರ್ಧದಷ್ಟನ್ನೂ ಅವರು ತಿದ್ದಿಕೊಳ್ಳಲಿಲ್ಲ. ಮಾತೃಭಾಷೆಯಲ್ಲೇ ಜನ ಎಲ್ಲ ತಪ್ಪನ್ನೂ ತಿದ್ದುವುದಿಲ್ಲ, ಆದರೂ ಮಾತು ನಡೆಯುತ್ತದೆ.

ನಿಮಗೊಂದು ನಿಯಮ ಹಾಕಿಕೊಳ್ಳಿ. ಅರ್ಥ ಕೆಟ್ಟರೆ ಮಾತ್ರ ತಿದ್ದುವುದು. 'ಫಿಫ್ಟೀನ್' ಅನ್ನುವ ಕಡೆ 'ಫಿಫ್ಟಿ' ಅಂದರೆ ತಿದ್ದಲೇಬೇಕು. 'ಇನ್‌ಕ್ರೀಸ್' ಅನ್ನುವ ಕಡೆ 'ಡಿಕ್ರೀಸ್' ಅಂದರೂ ತಿದ್ದಬೇಕು. 'ಹಿ ಗೋ' ಅಂದು ಬಿಟ್ಟರೆ ಮುಂದೆ ಹೋಗಿ. ಇನ್ನೊಂದು ವಿಷಯ. ಎರಡು ರೂಪಗಳ ನಡುವೆ ಗೊಂದಲ ಇದ್ದರೆ ಸರಳವಾದದ್ದನ್ನು ಆರಿಸಿ. ಮೇಲಿನ ಹುಡುಗನಿಗೆ 'ವಿ ಹ್ಯಾವ್ ಟೇಕನ್' ಬೇಕಾಗಿರಲೇ ಇಲ್ಲ, 'ವಿ ಟುಕ್' ಸಾಕಾಗಿತ್ತು. ವ್ಯಾಕರಣವನ್ನು ಮರೆತುಬಿಡಿ ಅಂತ ನಾನು ಹೇಳುತ್ತಿಲ್ಲ. ಮಾತು ಮುಗಿದ ಮೇಲೆ ಹಾಳೆಯಲ್ಲಿ ತಿದ್ದಿ, ಎಷ್ಟು ಬೇಕಾದರೂ ತಿದ್ದಿ.

'ಅ' ಜಾಸ್ತಿ ಇದ್ದರೆ: ಅಳುಕು ಅನ್ನುವುದು ಬರೀ ಮನಸ್ಸಿನ ಮಾತಲ್ಲ. 'ನಗುತ್ತಾರೇನೋ' ಅನ್ನುವ ಯೋಚನೆ ತಲೆಯಲ್ಲಿದ್ದಷ್ಟು ಹೊತ್ತು ಪದ ಹುಡುಕುವುದಕ್ಕೆ ಗಮನ ಕಡಿಮೆ ಸಿಗುತ್ತದೆ. ಎಲೈನ್ ಹೊರ್ವಿಟ್ಜ್ ಮತ್ತು ಅವರ ಜೊತೆಗಾರರು 1986ರಲ್ಲಿ ಭಾಷಾ ತರಗತಿಯ ಅಳುಕನ್ನು ಅಳೆಯಲು 33 ಹೇಳಿಕೆಗಳ ಒಂದು ಪ್ರಶ್ನಾವಳಿಯನ್ನೇ ತಯಾರಿಸಿದರು. ಇಂದಿಗೂ ಅದನ್ನು ಬಳಸುತ್ತಾರೆ, ಅಷ್ಟು ವ್ಯಾಪಕ ಇದು. 'ಹೆದರಬೇಡ' ಅಂದರೆ ಹೆದರಿಕೆ ಹೋಗುವುದಿಲ್ಲ. ಕೇಳುವವರ ಸಂಖ್ಯೆಯನ್ನು ಮೆಲ್ಲಗೆ ಏರಿಸಿ. ಮೊದಲು ಫೋನ್ ಮಾತ್ರ. ಆಮೇಲೆ ನಂಬಿಕೆಯ ಒಬ್ಬ ಗೆಳತಿ ಅಥವಾ ಗೆಳೆಯ. ಆಮೇಲೆ ಮೂವರು. ಅದೇ ಮಾತು, ಅದೇ ವಿಷಯ. ಹೊಸ ವಿಷಯ ಮತ್ತು ಹೊಸ ಜನ ಎರಡನ್ನೂ ಒಂದೇ ದಿನ ತರಬೇಡಿ.

ಹೆಜ್ಜೆ 5: ನಾಲ್ಕು, ಮೂರು, ಎರಡು

ಒಂದೇ ಒಂದು ಅಭ್ಯಾಸ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಕೀತ್ ಮಾರಿಸ್ 1983ರಲ್ಲಿ ಇದನ್ನು ಪರಿಚಯಿಸಿದರು, ಪಾಲ್ ನೇಷನ್ ಹೆಸರುವಾಸಿ ಮಾಡಿದರು. ಒಂದು ವಿಷಯದ ಬಗ್ಗೆ ಒಬ್ಬರಿಗೆ ನಾಲ್ಕು ನಿಮಿಷ ಹೇಳಿ. ಅದೇ ವಿಷಯವನ್ನು ಇನ್ನೊಬ್ಬರಿಗೆ ಮೂರು ನಿಮಿಷದಲ್ಲಿ ಹೇಳಿ. ಮತ್ತೆ ಅದನ್ನೇ ಮೂರನೆಯವರಿಗೆ ಎರಡು ನಿಮಿಷದಲ್ಲಿ. ಕೇಳುವವರು ಮಧ್ಯೆ ಬಾಯಿ ಹಾಕಬಾರದು, ತಿದ್ದಬಾರದು.

ಇದು ಕೆಲಸ ಮಾಡುವುದು ಹೀಗೆ. ಮೊದಲ ಸಲ ಏನು ಹೇಳಬೇಕು ಅಂತಲೂ ಯೋಚಿಸಬೇಕು, ಹೇಗೆ ಹೇಳಬೇಕು ಅಂತಲೂ ಯೋಚಿಸಬೇಕು. ಎರಡನೇ ಸಲಕ್ಕೆ ಏನು ಅನ್ನುವುದು ಸಿದ್ಧವಾಗಿರುತ್ತದೆ. ಮೂರನೇ ಸಲಕ್ಕೆ ಪದಗಳೂ ಈಗಷ್ಟೇ ಬಾಯಿಂದ ಬಂದಿರುವುದರಿಂದ ಬೇಗ ಸಿಗುತ್ತವೆ. ನೆಲ್ ಡಿ ಯೋಂಗ್ ಮತ್ತು ಚಾರ್ಲ್ಸ್ ಪರ್ಫೆಟಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ವಿಷಯವನ್ನು ಮರಳಿ ಹೇಳಿದವರು ಆಮೇಲೆ ಹೊಸ ವಿಷಯದಲ್ಲೂ ಸರಾಗವಾಗಿ ಮಾತಾಡಿದರು. ಪ್ರತಿ ಸಲ ಬೇರೆ ಬೇರೆ ವಿಷಯ ಹೇಳಿದವರಲ್ಲಿ ಆ ಲಾಭ ಉಳಿಯಲಿಲ್ಲ. ಹಾಗಾಗಿ ಬೇಜಾರು ಅಂತ ವಿಷಯ ಬದಲಿಸಬೇಡಿ.

ಎರಡು ಎಚ್ಚರಿಕೆ. ಬರೆದುಕೊಂಡು ಓದಬೇಡಿ. ಎರಡು ನಿಮಿಷದಲ್ಲಿ ಎಲ್ಲ ತುರುಕಬೇಕು ಅಂತ ಓಡಬೇಡಿ, ಮುಗಿಯದಿದ್ದರೆ ಬಿಡಿ. ಮೂವರು ಸಿಗದಿದ್ದರೆ ಒಬ್ಬರೇ ಫೋನಿಗೆ ಮೂರು ಸಲ ಹೇಳಬಹುದು, ಸ್ವಲ್ಪ ಸಪ್ಪೆ ಅನ್ನಿಸುತ್ತದೆ ಅಷ್ಟೇ.

ಕೇಳುತ್ತಾ ಕೇಳುತ್ತಾ ಅವರ ಹಿಂದೆಯೇ ಹೇಳುವ ಶ್ಯಾಡೋಯಿಂಗ್ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. ಉಚ್ಚಾರಣೆಗೆ, ಲಯಕ್ಕೆ ಒಳ್ಳೆಯದು. ಆದರೆ ಅಲ್ಲಿ ವಾಕ್ಯ ಕಟ್ಟುವವರು ಬೇರೆಯವರು. ನಿಮ್ಮ ಓರೆಗೆರೆಗಳು ಬಿದ್ದಿರುವುದು ವಾಕ್ಯ ಕಟ್ಟುವ ಕಡೆ ಆಗಿದ್ದರೆ ಅದೊಂದರಿಂದಲೇ ಅವು ಹೋಗುವುದಿಲ್ಲ.

ಹೆಜ್ಜೆ 6: ಪ್ರೆಸೆಂಟೇಷನ್, ವೈವಾ ದಿನ

ಇಡೀ ಭಾಷಣ ಬಾಯಿಪಾಠ ಮಾಡಬೇಡಿ. ಒಂದು ಪದ ಮರೆತರೆ ಸರಪಳಿಯೇ ತುಂಡಾಗುತ್ತದೆ, ಆಗ ಆಗುವ ಮೌನ ಎಲ್ಲಕ್ಕಿಂತ ಉದ್ದ. ಮೊದಲ ಎರಡು ವಾಕ್ಯ ಮತ್ತು ಕೊನೆಯ ಒಂದು ವಾಕ್ಯ ಮಾತ್ರ ಬಾಯಲ್ಲಿರಲಿ. ಉಳಿದದ್ದಕ್ಕೆ ಒಂದು ಚೀಟಿಯಲ್ಲಿ ಐದಾರು ಕ್ರಿಯಾಪದಗಳನ್ನು ಬರೆದುಕೊಳ್ಳಿ. ನಾಮಪದಗಳು ಸ್ಲೈಡಿನಲ್ಲಿ ಹೇಗೂ ಇರುತ್ತವೆ.

ಪ್ರಶ್ನೆ ಬಂದಾಗ ಕೂಡಲೇ ಉತ್ತರಕ್ಕೆ ಹಾರಬೇಡಿ. ಪ್ರಶ್ನೆಯನ್ನೇ ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ: 'ಸೋ ಯು ಆರ್ ಆಸ್ಕಿಂಗ್ ವೈ ವಿ ಚೋಸ್ ಫೈವ್ ಪ್ಲೇಸಸ್'. ಅರ್ಥವಾಗಿದ್ದು ಸರಿಯಾ ಅಂತ ಗೊತ್ತಾಗುತ್ತದೆ, ಯೋಚಿಸಲು ಸಮಯವೂ ಸಿಗುತ್ತದೆ. 'ದಟ್ಸ್ ಎ ಗುಡ್ ಕ್ವೆಶ್ಚನ್, ಲೆಟ್ ಮಿ ಥಿಂಕ್' ಅಂತ ಹೇಳಿ ಮೂರು ಸೆಕೆಂಡ್ ಸುಮ್ಮನಿದ್ದರೂ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ 'ಲೈಕ್', 'ಯು ನೋ', 'ಬೇಸಿಕಲಿ' ಇವುಗಳನ್ನು ಮೌನ ತುಂಬಲು ಪ್ರತಿ ವಾಕ್ಯಕ್ಕೂ ಸುರಿಯಬೇಡಿ. ಕೇಳುವವರು ನಿಮ್ಮ ಮಾತು ಬಿಟ್ಟು ಅವುಗಳನ್ನೇ ಎಣಿಸಲು ಶುರು ಮಾಡುತ್ತಾರೆ.

ಹೆಜ್ಜೆ 7: ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ

ದಿನಾ ಅಳೆದರೆ ಬರೀ ಏರುಪೇರು ಕಾಣುತ್ತದೆ. ತಿಂಗಳಿಗೊಮ್ಮೆ ಹೊಸ ವಿಷಯದ ಮೇಲೆ ಎರಡು ನಿಮಿಷ ರೆಕಾರ್ಡ್ ಮಾಡಿ, ಒಂದು ನಿಮಿಷ ಬರೆಯಿರಿ. ಮೂರು ಅಂಕಿ ಸಾಕು. 'ಅ', 'ಅಂ', ಮರುಕಳಿಸಿದ ಪದಗಳನ್ನು ಬಿಟ್ಟು ಒಂದು ನಿಮಿಷಕ್ಕೆ ಎಷ್ಟು ಪದ. ಒಂದು ನಿಲುಗಡೆಯಿಂದ ಇನ್ನೊಂದಕ್ಕೆ ಸರಾಸರಿ ಎಷ್ಟು ಪದ. ಒಟ್ಟು ಓರೆಗೆರೆಗಳಲ್ಲಿ ಮಾತಿನ ಮಧ್ಯೆ ಬಿದ್ದವು ಎಷ್ಟು.

ನೋಡಬೇಕಾಗಿರುವುದು ಮೂರನೆಯದನ್ನು. ಪದಗಳ ವೇಗ ಏರದೇ ಇರಬಹುದು, ಕೆಲವೊಮ್ಮೆ ಇಳಿಯಲೂಬಹುದು. ಮಾತು ಮುಗಿಸಿ ನಿಲ್ಲಲು ಶುರು ಮಾಡಿದಾಗ ಹಾಗಾಗುವುದು ಸಹಜ. ಇಂಗ್ಲಿಷ್ ಮಾತೃಭಾಷಿಕರು ಮಾತುಕತೆಯಲ್ಲಿ ನಿಮಿಷಕ್ಕೆ 150 ಪದದ ಆಸುಪಾಸು ಹೇಳುತ್ತಾರೆ, ಆ ಅಂಕಿಯ ಹಿಂದೆ ಬೀಳಬೇಡಿ. ಮಧ್ಯದ ಗೆರೆಗಳು ಕಡಿಮೆಯಾಗಿ, ಕೊನೆಯ ಗೆರೆಗಳು ಹೆಚ್ಚಾಗಿದ್ದರೆ ದಾರಿ ಸರಿ ಇದೆ. ಯುರೋಪಿನ ಭಾಷಾ ಮಟ್ಟಗಳ ಚೌಕಟ್ಟಿನಲ್ಲಿ ಬಿ1 ಅನ್ನುವ ಮಧ್ಯಮ ಮಟ್ಟದವರ ಬಗ್ಗೆ ಬರೆದಿರುವುದೂ ಹೀಗೇ: ಪದಕ್ಕಾಗಿ, ವ್ಯಾಕರಣಕ್ಕಾಗಿ ನಿಲ್ಲುವುದು ಎದ್ದು ಕಾಣುತ್ತದೆ, ಆದರೂ ಅರ್ಥವಾಗುವ ಹಾಗೆ ಮಾತು ಮುಂದುವರಿಸಬಲ್ಲರು. ಅದರ ಮೇಲಿನ ಬಿ2ಗೆ ಬಂದಾಗ ಉದ್ದ ಮೌನಗಳು ಕಡಿಮೆಯಾಗುತ್ತವೆ ಅಷ್ಟೇ, ತಡವರಿಕೆ ಅಲ್ಲೂ ಇದೆ.

ಪಕ್ಕದಲ್ಲಿ ಕೂತು ಕೇಳುವವರಿಗೆ

ಈ ಭಾಗ ಗೆಳೆಯರಿಗೆ ಮತ್ತು ಪಾಠ ಹೇಳುವವರಿಗೆ. ಒಬ್ಬ ವಿದ್ಯಾರ್ಥಿ ಪದ ಹುಡುಕುತ್ತಾ ನಿಂತಾಗ ಥಟ್ಟನೆ ಪದ ಕೊಟ್ಟುಬಿಡುವುದು ಸಹಾಯದ ಹಾಗೆ ಕಾಣುತ್ತದೆ. ಆದರೆ ಅದರಿಂದ ಅವರು ತಾವಾಗಿ ಹುಡುಕುವ ಅವಕಾಶ ತಪ್ಪುತ್ತದೆ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ತರಗತಿಗಳ ರೆಕಾರ್ಡಿಂಗ್ ಕೇಳಿ 1974ರಲ್ಲಿ ಬರೆದಿದ್ದು ಇದು: ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರಿಸದೇ ಉಳಿಯುವವರು ಕಡಿಮೆಯಾದರು. ಆ ತರಗತಿಗಳು ವಿಜ್ಞಾನದವು, ಮಕ್ಕಳು ತಮಗೆ ಗೊತ್ತಿರುವ ಭಾಷೆಯಲ್ಲೇ ಉತ್ತರಿಸುತ್ತಿದ್ದರು. ಪರಭಾಷೆಯಲ್ಲಿ ಉತ್ತರ ಕಟ್ಟಬೇಕಾದವರಿಗೆ ಮೂರು ಸೆಕೆಂಡ್ ಕನಿಷ್ಠ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಅಷ್ಟರಲ್ಲೂ ಪದ ಬರದಿದ್ದರೆ ಪದ ಕೊಡಬೇಡಿ, 'ವಾಟ್ ಈಸ್ ಇಟ್ ಯೂಸ್ಡ್ ಫಾರ್?' ಅಂತ ಕೇಳಿ. ಸುತ್ತಿ ಹೇಳುವ ದಾರಿ ಅವರಿಗೆ ಅಲ್ಲೇ ಸಿಗುತ್ತದೆ.